ಗಂಟಲು ನೋಡಿದೆ, ಹಲ್ಲು ನೋಡಲಿಲ್ಲ

ನಮ್ಮೂರಿನ ಸಂತೆ ಸೋಮವಾರ. ಆ ದಿನ ನನ್ನ ಮಕ್ಕಳ ಕ್ಲಿನಿಕ್ಕಿನ ವರಾಂಡದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಳೆದ ವರ್ಷ ಆಷಾಢದಲ್ಲಿ ಅಂಥದೊಂದು ದಿನ, ಮಧ್ಯಾಹ್ನ ಒಂದೂವರೆ ಹೊತ್ತಿಗೆ, ಅಜ್ಜಿಯೊಬ್ಬರು ಮೊಮ್ಮಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಬಂದರು. ಮಗುವಿಗೆ ಎರಡು ವರ್ಷ ಎಂಟು ತಿಂಗಳು. ಎಡಗೆನ್ನೆ ಊದಿ ಕೆಂಪಾಗಿ, ಕಣ್ಣು ಅರ್ಧ ಮುಚ್ಚಿಕೊಂಡಿತ್ತು. ಜ್ವರ 102.4 ಡಿಗ್ರಿ. ಮನೆಯಲ್ಲಿ ಅವಳನ್ನು ಪುಟ್ಟಿ ಅಂತ ಕರೆಯುತ್ತಾರೆ. ಇಲ್ಲಿ ನಾನೂ ಹಾಗೇ ಕರೆಯುತ್ತೇನೆ. ಮನೆಯವರು ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ, ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

“ಮಂಗನಬಾವು ಇರಬೇಕು ಡಾಕ್ಟ್ರಮ್ಮ. ಬೇವಿನಸೊಪ್ಪು ಅರೆದು ಹಚ್ಚಿದ್ದೆ, ಇಳೀಲಿಲ್ಲ. ನೆನ್ನೆಯಿಂದ ಊಟಾನೇ ಬಿಟ್ಟವಳೆ” ಎಂದರು ಅಜ್ಜಿ.

ಮಂಗನಬಾವಿನ ಊತ ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಬರುತ್ತದೆ. ಕಿವಿಯ ಹಾಲೆ ಮೇಲಕ್ಕೆದ್ದು ನಿಲ್ಲುತ್ತದೆ. ಪುಟ್ಟಿಯ ಊತ ಮೂಗಿನ ಪಕ್ಕದಿಂದ ಕಣ್ಣಿನ ಕೆಳಗಿನವರೆಗೆ ಹರಡಿತ್ತು. ಅಂಥ ಊತದ ಬೇರು ಸಾಮಾನ್ಯವಾಗಿ ಮೇಲಿನ ಹಲ್ಲಿನಲ್ಲಿರುತ್ತದೆ. ಅಜ್ಜಿಯನ್ನು ನನ್ನ ಎದುರು ಸ್ಟೂಲಿನ ಮೇಲೆ ಕೂರಿಸಿಕೊಂಡೆ. ಅವರ ಮಂಡಿಗೆ ನನ್ನ ಮಂಡಿ ತಾಗುವಷ್ಟು ಹತ್ತಿರ. ಮಗುವಿನ ಕಾಲು ಅಜ್ಜಿಯ ಸೊಂಟದ ಎರಡೂ ಬದಿಗೆ, ಕೈ ಅಜ್ಜಿಯ ಹಿಡಿತದಲ್ಲಿ, ತಲೆ ನನ್ನ ತೊಡೆಯ ಮೇಲೆ. ಮಗುವಿಗೆ ಅಜ್ಜಿಯ ಮುಖ ಕಾಣುತ್ತಿರುತ್ತದೆ, ನನಗೆ ಬಾಯಿ ಪೂರ್ತಿ ಕಾಣುತ್ತದೆ. ಅತ್ತರೂ ಕೆಲಸ ಕೆಡುವುದಿಲ್ಲ, ಅಳುವಾಗ ಬಾಯಿ ತಾನಾಗಿ ತೆರೆದಿರುತ್ತದಲ್ಲ. ತೋರುಬೆರಳಿನಿಂದ ಮೇಲ್ದುಟಿಯನ್ನು ಎತ್ತಿದೆ.

ಮೊದಲು ಮೂಗಿಗೆ ಬಡಿದದ್ದು ವಾಸನೆ. ಮೇಲಿನ ನಾಲ್ಕು ಬಾಚಿಹಲ್ಲುಗಳಿದ್ದ ಜಾಗದಲ್ಲಿ ಕಂದುಗಪ್ಪು ಮೊಟಕುಗಳು, ವಸಡಿನ ಮಟ್ಟಕ್ಕೆ ಸವೆದು ಮುರಿದಿದ್ದವು. ಎಡಗಡೆಯ ಮೊದಲ ದವಡೆಹಲ್ಲಿನಲ್ಲಿ ಮೆಣಸಿನಕಾಳು ಕೂರುವಷ್ಟು ತೂತು. ಅದರ ಮೇಲಿನ ವಸಡು ಉಬ್ಬಿ, ತುದಿಯಲ್ಲಿ ಕೀವುಗುಳ್ಳೆ. ಬಲಗಡೆಯ ಮೇಲಿನ ದವಡೆಹಲ್ಲು, ಕೆಳಗಿನ ಎರಡು ದವಡೆಹಲ್ಲು, ಎಲ್ಲಕ್ಕೂ ಹುಳುಕು ಹತ್ತಿತ್ತು. ಕೆಳಗಿನ ಬಾಚಿಹಲ್ಲು ನಾಲ್ಕು ಮಾತ್ರ ಮಲ್ಲಿಗೆ ಮೊಗ್ಗಿನಂತೆ ಬೆಳ್ಳಗಿದ್ದವು.

ಮಲಗಿಸಿ ಬಾಟಲಿ ಕುಡಿಸಿದ ಬಾಯಿಗೆ ಇದೇ ಗುರುತು. ಬಾಟಲಿ ಚೀಪುವಾಗ ನಾಲಿಗೆ ಮುಂದೆ ಬಂದು ಕೆಳಗಿನ ಬಾಚಿಹಲ್ಲನ್ನು ಮುಚ್ಚಿಕೊಳ್ಳುತ್ತದೆ, ನಾಲಿಗೆಯಡಿಯ ಗ್ರಂಥಿಗಳ ಜೊಲ್ಲು ಅಲ್ಲೇ ಹರಿಯುತ್ತಿರುತ್ತದೆ. ಮೇಲಿನ ಹಲ್ಲಿಗೆ ಆ ಕಾವಲಿಲ್ಲ. ನಿದ್ದೆ ಹತ್ತಿದ ಮೇಲೆ ಜೊಲ್ಲು ಸುರಿಯುವುದೂ ಕಡಿಮೆ, ನುಂಗುವುದೂ ಕಡಿಮೆ. ಸಕ್ಕರೆ ಹಾಲು ಮೇಲಿನ ಹಲ್ಲಿನ ಸುತ್ತ ನಿಂತುಬಿಡುತ್ತದೆ. ಬಾಯಿಯ ಬ್ಯಾಕ್ಟೀರಿಯಾ ಆ ಸಕ್ಕರೆಯನ್ನು ಆಮ್ಲ ಮಾಡುತ್ತವೆ, ಪಿಎಚ್ (ಆಮ್ಲದ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಹೊರಗವಚವಾದ ಎನಾಮಲ್ ಕರಗತೊಡಗುತ್ತದೆ. ಒಂದು ರಾತ್ರಿಗೆ ಏನೂ ಆಗುವುದಿಲ್ಲ. ಪುಟ್ಟಿಗೆ ಹಾಗೆ ಆರುನೂರಕ್ಕೂ ಹೆಚ್ಚು ರಾತ್ರಿ ಕಳೆದಿದ್ದವು.

ತೂಕ 10.1 ಕಿಲೋ. ಈ ವಯಸ್ಸಿನ ಹೆಣ್ಣುಮಕ್ಕಳ ಸರಾಸರಿ 13ರ ಆಸುಪಾಸು. ರೆಪ್ಪೆಯ ಒಳಗೆ ನೋಡಿದರೆ ಕಾಗದದಂತೆ ಬಿಳಿ. ಹಿಮೋಗ್ಲೋಬಿನ್ 8.4 ಬಂತು.

ಕಣ್ಣಿನ ಹತ್ತಿರಕ್ಕೆ ಬಂದ ಕೀವು ಅಸಡ್ಡೆ ಮಾಡುವಂಥದಲ್ಲ. ಅದು ಕಣ್ಣುಗುಡ್ಡೆಯ ಹಿಂದಕ್ಕೆ, ಅಲ್ಲಿಂದ ತಲೆಯೊಳಗಿನ ರಕ್ತನಾಳಗಳಿಗೆ ಹತ್ತಬಹುದು. ಅಲ್ಲೇ ಭರ್ತಿ ಮಾಡಿಕೊಂಡು ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಇಂಜೆಕ್ಷನ್ ಶುರು ಮಾಡಿದೆ.

ಬಾಟಲಿಯ ಹಿಂದಿನ ಸಂಸಾರ

ತಾಯಿ ಸಂಜೆ ಎಂಟಕ್ಕೆ ಬಂದಳು, ಗಾರ್ಮೆಂಟ್ಸ್‌ನ ಗುರುತಿನ ಚೀಟಿ ಕುತ್ತಿಗೆಯಲ್ಲೇ ಇತ್ತು. ಬೆಳಗ್ಗೆ ಆರೂವರೆಗೆ ಕಂಪನಿ ಬಸ್ಸು, ವಾಪಸ್ಸಾಗುವುದು ಏಳೂವರೆಗೆ. ಪುಟ್ಟಿಗೆ ಹನ್ನೊಂದು ತಿಂಗಳಾದಾಗ ಕೆಲಸಕ್ಕೆ ಮರಳಿದವಳು. ಅಲ್ಲಿಂದ ಎದೆಹಾಲು ನಿಂತು, ಬಾಟಲಿ ಬಂತು. ಹಗಲು ಅಜ್ಜಿ ಮೂರು ಬಾಟಲಿ ಕೊಡುತ್ತಿದ್ದರು, ರಾತ್ರಿ ಎರಡು. ಪ್ರತಿ ಬಾಟಲಿಗೂ ಎರಡು ಚಮಚ ಸಕ್ಕರೆ. ರಾತ್ರಿಯದನ್ನು ಬಾಯಲ್ಲಿಟ್ಟುಕೊಂಡೇ ಮಗು ಮಲಗುತ್ತಿತ್ತು. ಎದ್ದು ಅತ್ತರೆ ಎರಡನೆಯದು.

“ಅವಳು ನಾಕೂವರೆಗೆ ಎದ್ದು ಅಡಿಗೆ ಮಾಡಿ ಓಡಬೇಕು ಡಾಕ್ಟ್ರಮ್ಮ. ರಾತ್ರಿ ಮಗು ಅತ್ತರೆ ಅವಳಿಗೆ ನಿದ್ದೆ ಎಲ್ಲಿ? ಅದ್ಕೇ ನಾನೇ ಪಕ್ಕದಲ್ಲಿ ಮಲಗಿಸ್ಕೊಂಡು ಬಾಟ್ಲಿ ಕೊಡ್ತಿದ್ದೆ.”

ಈ ಮಾತನ್ನು ಕೇಳಿದ ಮೇಲೂ ಅಜ್ಜಿಯನ್ನು ಬೈಯುವ ವೈದ್ಯರಿದ್ದರೆ ಅವರ ಜೊತೆ ನನಗೆ ಮಾತಿಲ್ಲ. ಆ ಬಾಟಲಿಯಲ್ಲಿ ಮಗುವಿನ ಹೊಟ್ಟೆಯ ಕಾಳಜಿ ಇತ್ತು, ಸೊಸೆಯ ನಿದ್ದೆಯ ಕಾಳಜಿಯೂ ಇತ್ತು. ಅದು ಹಲ್ಲನ್ನು ಕರಗಿಸುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಫೀಡಿಂಗ್ ಬಾಟಲಿಯ ಪ್ರಚಾರವನ್ನು ನಿಷೇಧಿಸುವ ಕಾಯ್ದೆ ನಮ್ಮ ದೇಶದಲ್ಲಿ 1992ರಿಂದ ಇದೆ. ಆದರೆ ಬಾಟಲಿ ಮಾರಲು ಅಡ್ಡಿಯಿಲ್ಲ. ನಮ್ಮ ಸಂತೆಯಲ್ಲಿ ಬಳೆ, ರಿಬ್ಬನ್ನಿನ ಪಕ್ಕದಲ್ಲೇ ತೂಗುಹಾಕಿರುತ್ತಾರೆ.

ದಿನಕ್ಕೆ ಐದು ಬಾಟಲಿ ಎಂದರೆ ಸುಮಾರು ಒಂದು ಲೀಟರ್ ಹಾಲು. ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಹಾಲಿನಿಂದಲೇ ಹೊಟ್ಟೆ ತುಂಬಿದ ಮಗು ಮುದ್ದೆ, ಸೊಪ್ಪು, ಬೇಳೆ ಮುಟ್ಟುವುದಿಲ್ಲ. ಹಲ್ಲು ನೋಯತೊಡಗಿದ ಮೇಲಂತೂ ಅಗಿಯುವ ಯಾವುದೂ ಬೇಡ, ಮತ್ತೆ ಬಾಟಲಿಯೇ ಬೇಕು. ಹುಳುಕು ಹಲ್ಲು, ರಕ್ತಹೀನತೆ, ತೂಕ ಏರದಿರುವುದು ಎಂದು ನಾವು ಮೂರು ಕಾಯಿಲೆಗಳಾಗಿ ಬರೆದುಕೊಳ್ಳುತ್ತೇವೆ. ಪುಟ್ಟಿಯಲ್ಲಿ ಮೂರೂ ಒಂದೇ ಹಗ್ಗದ ಎಳೆಗಳು.

ಹಳೆಯ ಫೈಲು

ಆ ರಾತ್ರಿ ಡ್ರಿಪ್ ಹಾಕುತ್ತಿದ್ದಾಗ ತಾಯಿ ಮೆಲ್ಲಗೆ ಕೇಳಿದಳು: “ಮೇಡಂ, ಆವಾಗಲೇ ಕೇಳಿದ್ದೆ ನಿಮ್ಮನ್ನ, ಹಲ್ಲಿನ ಮೇಲೆ ಸುಣ್ಣ ಬಳಿದಂಗೆ ಕಾಣ್ತದೆ ಅಂತ. ನೀವು ಹಾಲುಹಲ್ಲು ಅಲ್ವಾ ಅಂದ್ರಿ.”

ನನಗೆ ನೆನಪಿರಲಿಲ್ಲ. ಮಗು ಮಲಗಿದ ಮೇಲೆ ಫೈಲು ತೆಗೆಸಿದೆ.

ಹತ್ತು ತಿಂಗಳಿನಿಂದ ಎರಡೂವರೆ ವರ್ಷದ ತನಕ ಪುಟ್ಟಿ ನನ್ನ ಬಳಿ ಹನ್ನೊಂದು ಸಲ ಬಂದಿದ್ದಳು. ಭೇದಿ, ಜ್ವರ, ಕೆಮ್ಮು, ಕಿವಿನೋವು, ಮತ್ತೆ ಕೆಮ್ಮು. ಏಳು ಪುಟಗಳಲ್ಲಿ ನನ್ನದೇ ಅಕ್ಷರದಲ್ಲಿ “ಥ್ರೋಟ್ ಕಂಜೆಸ್ಟೆಡ್” (ಗಂಟಲು ಕೆಂಪಾಗಿದೆ) ಎಂದಿತ್ತು. ಅಂದರೆ ಏಳು ಸಲ ನಾನು ಟಾರ್ಚ್ ಹಚ್ಚಿದ್ದೆ, ಕಡ್ಡಿಯಿಂದ ನಾಲಿಗೆ ಒತ್ತಿದ್ದೆ. ಬೆಳಕು ಆ ಹಲ್ಲುಗಳನ್ನು ದಾಟಿಕೊಂಡೇ ಗಂಟಲಿಗೆ ಹೋಗಿತ್ತು. ಹಲ್ಲಿನ ಬಗ್ಗೆ ಒಂದೂ ಅಕ್ಷರ ಇರಲಿಲ್ಲ.

ಒಂದು ಪುಟದಲ್ಲಿ ಇತ್ತು. ಹತ್ತೊಂಬತ್ತನೇ ತಿಂಗಳು, ಶೀತಕ್ಕೆಂದು ಬಂದದ್ದು. ತೂಕ 9.4. ಕೆಳಗೆ ಪ್ಯಾರಾಸಿಟಮಾಲ್ ಸಿರಪ್, ಕೆಮ್ಮಿನ ಸಿರಪ್. ಅದರ ಕೆಳಗೆ, ಬೇರೆ ಪೆನ್ನಿನಲ್ಲಿ, ಆಮೇಲೆ ಸೇರಿಸಿದಂತೆ: “ಕ್ಯಾಲ್ಸಿಯಂ ಸಿರಪ್, ರಾತ್ರಿ 5 ಎಂಎಲ್.” ತಾಯಿ ಬಾಗಿಲ ಹತ್ತಿರ ಹೋಗಿ ತಿರುಗಿ ಕೇಳಿದ್ದಳೆಂದು ಕಾಣುತ್ತದೆ. ಅವಳು ಹೇಳಿದ ಸುಣ್ಣದ ಗೆರೆ ಏನೆಂದು ನಾನು ತುಟಿ ಎತ್ತಿ ನೋಡಲಿಲ್ಲ. ಕ್ಯಾಲ್ಸಿಯಂ ಬರೆದು ಕಳಿಸಿದ್ದೆ, ಅದೂ ರಾತ್ರಿ ಕುಡಿಸುವಂತೆ, ಸಿಹಿ ಸಿರಪ್ಪಾಗಿ.

ಆ ಸುಣ್ಣದ ಗೆರೆಯೇ ಹುಳುಕಿನ ಮೊದಲ ಹೆಜ್ಜೆ. ಮೇಲಿನ ಬಾಚಿಹಲ್ಲಿನಲ್ಲಿ, ವಸಡಿಗೆ ಅಂಟಿಕೊಂಡಂತೆ, ಹೊಳಪಿಲ್ಲದ ಬಿಳಿಪಟ್ಟಿ. ಎನಾಮಲ್ ಒಳಗಿನ ಖನಿಜ ಕರಗಲು ಶುರುವಾಗಿದೆ, ಮೇಲ್ಮೈ ಇನ್ನೂ ಮುರಿದಿಲ್ಲ ಎಂದು ಅದರ ಅರ್ಥ. ಈ ಹಂತದಲ್ಲಿ ರಾತ್ರಿ ಬಾಟಲಿ ನಿಲ್ಲಿಸಿ, ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜಿ, ವಾರ್ನಿಶ್ (ಹಲ್ಲಿಗೆ ಬಳಿಯುವ ಫ್ಲೋರೈಡ್ ಲೇಪ) ಹಚ್ಚಿದರೆ ಹಲ್ಲು ಮತ್ತೆ ಗಟ್ಟಿಯಾಗುತ್ತದೆ. ಡ್ರಿಲ್ ಬೇಡ, ಸೂಜಿ ಬೇಡ. ಆ ಪಟ್ಟಿ ಕಂದಾಗಿ ತೂತಾದ ಮೇಲೆ ಹಿಂದಿರುಗುವ ದಾರಿ ಇಲ್ಲ. ಬಿಳಿಪಟ್ಟಿಯಿಂದ ತೂತಿಗೆ ಎಳೆಮಕ್ಕಳಲ್ಲಿ ಕೆಲವೇ ತಿಂಗಳು ಸಾಕು, ಯಾಕೆಂದರೆ ಹಾಲುಹಲ್ಲಿನ ಎನಾಮಲ್ ತೆಳು. ಪುಟ್ಟಿಯ ತಾಯಿ ಆ ಗೆರೆಯನ್ನು ಸರಿಯಾದ ಹೊತ್ತಿಗೆ ಕಂಡಿದ್ದಳು. ಸರಿಯಾದ ಬಾಗಿಲಿಗೇ ಬಂದು ಕೇಳಿದ್ದಳು.

ಮರುದಿನ ಬೆಳಗ್ಗೆ ರೌಂಡ್ಸ್‌ಗೆ ಹೋದಾಗ ಆ ಪುಟವನ್ನು ತೋರಿಸಿ, “ನೀನು ಕೇಳಿದ್ದು ಸರಿ ಇತ್ತಮ್ಮ, ನಾನು ನೋಡಬೇಕಿತ್ತು, ನೋಡಲಿಲ್ಲ” ಎಂದೆ. ಅವಳು ಏನೂ ಹೇಳಲಿಲ್ಲ. ಮಗುವಿನ ಕೂದಲು ಸರಿಮಾಡುತ್ತ ಕೂತಿದ್ದಳು.

ನಮ್ಮ ಕಣ್ಣೇಕೆ ದಾಟಿ ಹೋಗುತ್ತದೆ

ನನ್ನ ಎಂ.ಡಿ.ಯ ಮೂರು ವರ್ಷದಲ್ಲಿ ಹಲ್ಲಿನ ಬಗ್ಗೆ ಓದಿದ್ದು ಯಾವ ತಿಂಗಳಿಗೆ ಯಾವ ಹಲ್ಲು ಎಂಬ ಪಟ್ಟಿಯನ್ನು ಮಾತ್ರ. ಬೆಳವಣಿಗೆಯ ಲೆಕ್ಕಕ್ಕೆ ಹಲ್ಲುಗಳನ್ನು ಎಣಿಸುವುದು ಕಲಿತೆವು, ಹಲ್ಲಿನ ಆರೋಗ್ಯ ನೋಡುವುದು ಕಲಿಯಲಿಲ್ಲ. ಹಲ್ಲು ದಂತವೈದ್ಯರದು, ಉಳಿದ ಮಗು ನಮ್ಮದು ಎಂಬ ಪಾಲು ಯಾವಾಗಲೋ ಆಗಿಹೋಗಿದೆ. ವಿಚಿತ್ರವೆಂದರೆ, ಎಳೆಮಕ್ಕಳ ಈ ಹುಳುಕನ್ನು ಮೊದಮೊದಲು ಬರೆದಿಟ್ಟವರಲ್ಲಿ ಒಬ್ಬರು ನಮ್ಮವರೇ: ಅಮೆರಿಕದ ಮಕ್ಕಳ ವೈದ್ಯಶಾಸ್ತ್ರದ ಪಿತಾಮಹ ಎನಿಸಿಕೊಂಡ ಅಬ್ರಹಾಂ ಜಾಕೋಬಿ, 1862ರಲ್ಲಿ. ಅದಾದ ಸರಿಯಾಗಿ ನೂರು ವರ್ಷಕ್ಕೆ, 1962ರಲ್ಲಿ, ಇಲಿಯಾಸ್ ಫಾಸ್ ಎಂಬ ದಂತವೈದ್ಯರು ಅದಕ್ಕೆ ‘ನರ್ಸಿಂಗ್ ಬಾಟಲ್ ಮೌತ್’ ಎಂದು ಹೆಸರಿಟ್ಟರು. ಈಗ ಅರ್ಲಿ ಚೈಲ್ಡ್‌ಹುಡ್ ಕೇರೀಸ್ ಎನ್ನುತ್ತೇವೆ. ಆರು ವರ್ಷದೊಳಗಿನ ಮಗುವಿನ ಒಂದೇ ಒಂದು ಹಾಲುಹಲ್ಲು ಹುಳುಕಾದರೂ ಈ ಹೆಸರು ಸಲ್ಲುತ್ತದೆ. ಮೂರು ವರ್ಷದೊಳಗೆ ಹಲ್ಲಿನ ನುಣುಪು ಮೈಯಲ್ಲಿ ಹುಳುಕಿನ ಯಾವ ಗುರುತು ಕಂಡರೂ ಅದು ತೀವ್ರ ಬಗೆ. ಜಗತ್ತಿನಲ್ಲಿ 51 ಕೋಟಿಗೂ ಹೆಚ್ಚು ಮಕ್ಕಳಿಗೆ ಹಾಲುಹಲ್ಲಿನ ಹುಳುಕಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಹೇಳುತ್ತದೆ.

ಮೊದಲ ಹಲ್ಲು ಬಂದ ಆರು ತಿಂಗಳೊಳಗೆ, ತಡವೆಂದರೆ ಮೊದಲ ಹುಟ್ಟುಹಬ್ಬದೊಳಗೆ, ಮಗುವನ್ನು ದಂತವೈದ್ಯರಿಗೆ ತೋರಿಸಬೇಕು ಎಂಬುದು ಅಮೆರಿಕದ ಮಕ್ಕಳ ದಂತವೈದ್ಯರ ಅಕಾಡೆಮಿಯ ಸಲಹೆ. ಸಲಹೆ ಸರಿ. ಆದರೆ ನಮ್ಮ ತಾಲ್ಲೂಕಿನಲ್ಲಿ ಒಂದು ವರ್ಷದ ಮಗುವನ್ನು, ನೋವಿಲ್ಲದೆ, ಹಲ್ಲಿನ ಡಾಕ್ಟರ ಬಳಿ ಕರೆದೊಯ್ದ ತಾಯಿಯನ್ನು ನಾನು ಕಂಡಿಲ್ಲ. ಅದೇ ಮಗು ಆ ವಯಸ್ಸಿಗೆ ಎಷ್ಟು ಸಲ ಆರೋಗ್ಯ ಸಿಬ್ಬಂದಿಯ ಕೈಗೆ ಬಂದಿರುತ್ತದೆ? ಆರನೇ ವಾರ, ಹತ್ತನೇ ವಾರ, ಹದಿನಾಲ್ಕನೇ ವಾರ ಚುಚ್ಚುಮದ್ದು. ಒಂಬತ್ತು ತಿಂಗಳಿಗೆ ದಡಾರ–ರುಬೆಲ್ಲಾ, ಅದರ ಜೊತೆ ವಿಟಮಿನ್ ಎ ಮೊದಲ ಡೋಸ್. 16ರಿಂದ 24 ತಿಂಗಳ ನಡುವೆ ಬೂಸ್ಟರ್. ಅಲ್ಲಿಂದ ಐದು ವರ್ಷ ತುಂಬುವ ತನಕ ಆರು ತಿಂಗಳಿಗೊಮ್ಮೆ ವಿಟಮಿನ್ ಎ, ಒಟ್ಟು ಒಂಬತ್ತು ಡೋಸ್.

ಈ ವಿಟಮಿನ್ ಎ ವಿಚಾರದಲ್ಲಿ ಒಂದು ನಿಮಿಷ ನಿಲ್ಲಬೇಕು. ಅದು ಚುಚ್ಚುವ ಔಷಧವಲ್ಲ, ಚಮಚದಲ್ಲಿ ಬಾಯಿಗೆ ಬಿಡುವಂಥದು. ಒಂಬತ್ತು ತಿಂಗಳಿಗೆ ಕೆಳಗಿನ ಎರಡು ಹಲ್ಲು, ಕೆಲವರಿಗೆ ಮೇಲಿನವೂ ಬಂದಿರುತ್ತವೆ. ಎರಡೂವರೆ–ಮೂರು ವರ್ಷಕ್ಕೆ ಇಪ್ಪತ್ತೂ ಬಂದು ಮುಗಿಯುತ್ತವೆ. ಹಾಲುಹಲ್ಲು ಹುಟ್ಟಿ ಹುಳುಕಾಗುವ ಇಡೀ ಅವಧಿಯಲ್ಲಿ, ಆರು ತಿಂಗಳಿಗೊಮ್ಮೆ, ಮಗು ತಾನಾಗಿ ಬಾಯಿ ತೆರೆದು ನಮ್ಮ ಮುಂದೆ ಕೂರುವಂತೆ ಸರ್ಕಾರವೇ ವ್ಯವಸ್ಥೆ ಮಾಡಿಟ್ಟಿದೆ. ಚಮಚ ಬಾಯಿಗಿಡುವ ಮೊದಲು ತುಟಿ ಎತ್ತಲು ಐದು ಸೆಕೆಂಡು ಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲೂ ಹಲ್ಲಿನ ತೊಂದರೆ ಇದೆ. ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಆದರೆ ಪುಟ್ಟಿಯಂಥ, ಅಜ್ಜಿಯ ಸೆರಗು ಬಿಡದ ಮಗು ಆ ದಿನ ಅಂಗನವಾಡಿಯಲ್ಲಿ ಇರುವುದೇ ಇಲ್ಲ. ಅವಳು ಬರುವುದು ಜ್ವರ ಬಂದಾಗ, ನನ್ನ ಬಳಿಗೆ.

ಹೀಗಾಗಿಯೇ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯ 2000ದ ಸುಮಾರಿಗೆ ಬಡಕುಟುಂಬಗಳ ಎಳೆಮಕ್ಕಳಿಗೆ ಮಕ್ಕಳ ವೈದ್ಯರ ಕ್ಲಿನಿಕ್ಕಿನಲ್ಲೇ ಫ್ಲೋರೈಡ್ ವಾರ್ನಿಶ್ ಹಚ್ಚಿಸಲು ಆರಂಭಿಸಿತು. 2014ರಲ್ಲಿ ಆ ದೇಶದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ ಎಂಬ, ರೋಗ ತಡೆಯ ಬಗ್ಗೆ ಸಲಹೆ ಕೊಡುವ ತಜ್ಞರ ತಂಡ, ಹಲ್ಲು ಮೂಡಿದಾಗಿನಿಂದಲೇ ಎಲ್ಲ ಎಳೆಮಕ್ಕಳಿಗೂ ಪ್ರಾಥಮಿಕ ವೈದ್ಯರು ವಾರ್ನಿಶ್ ಹಚ್ಚಲಿ ಎಂದು ಶಿಫಾರಸು ಮಾಡಿತು, 2021ರಲ್ಲಿ ಅದನ್ನೇ ಮತ್ತೆ ಹೇಳಿತು. ದಂತವೈದ್ಯರಿಗೆ ಸಡ್ಡು ಹೊಡೆಯುವ ಮಾತು ಇದರಲ್ಲಿಲ್ಲ. ಮಗು ಯಾರ ಕೈಗೆ ಮೊದಲು ಸಿಗುತ್ತದೋ ಅವರು ನೋಡಬೇಕು, ಅಷ್ಟೇ.

ಚಿಕಿತ್ಸೆ

ಮೂರನೇ ದಿನ ಜ್ವರ ಇಳಿದು ಕಣ್ಣು ತೆರೆಯಿತು. ಔಷಧಿಯಿಂದ ಊತ ಇಳಿದದ್ದು ವಾಸಿಯಾದದ್ದಲ್ಲ. ಕೀವಿನ ಹಲ್ಲು ಅಲ್ಲೇ ಇದ್ದರೆ ಅದು ಮತ್ತೆ ಬರುತ್ತದೆ. ಊರಿನ ದಂತವೈದ್ಯರೊಬ್ಬರನ್ನು ಕೇಳಿದೆ. ಮೂರು ವರ್ಷ ತುಂಬಲಿ, ಇಷ್ಟು ಚಿಕ್ಕ ಮಗುವಿಗೆ ಕುರ್ಚಿಯಲ್ಲಿ ಮಾಡಲಾಗದು ಎಂದರು. ಜಿಲ್ಲಾ ಕೇಂದ್ರದ ಡೆಂಟಲ್ ಕಾಲೇಜಿನಲ್ಲಿ ಮಕ್ಕಳ ಹಲ್ಲಿನದೇ ವಿಭಾಗವಿದೆ ಎಂಬುದು ನನಗೆ ಗೊತ್ತಿತ್ತು. ಆದರೆ ಇಷ್ಟು ವರ್ಷಗಳಲ್ಲಿ ಒಂದು ಮಗುವನ್ನೂ ಅಲ್ಲಿಗೆ ಕಳಿಸಿರಲಿಲ್ಲ. ಫೋನ್ ಮಾಡಿದಾಗ ಅಲ್ಲಿನ ವೈದ್ಯೆ ಮೊದಲು ಕೇಳಿದ್ದು, “ಎಚ್‌ಬಿ ಎಷ್ಟು ಮೇಡಂ?”

ಅವರು ಎರಡು ಹಂತದ ಯೋಜನೆ ಹಾಕಿದರು. ನಾಲ್ಕನೇ ದಿನ, ಜಾಗ ಮಾತ್ರ ಮರಗಟ್ಟಿಸಿ, ಕೀವಿನ ದವಡೆಹಲ್ಲನ್ನೂ ಅದರ ಕಡೆಯ ಒಂದು ಬಾಚಿಹಲ್ಲಿನ ಮೊಟಕನ್ನೂ ತೆಗೆದರು. ಉಳಿದ ಹುಳುಕುಗಳಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಹಚ್ಚಿದರು. ಇದು ಹುಳುಕನ್ನು ಇದ್ದಲ್ಲೇ ನಿಲ್ಲಿಸುವ ದ್ರಾವಣ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿದೆ. ಡ್ರಿಲ್ ಇಲ್ಲದೆ, ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಒಂದೇ ತೊಡಕು, ಹುಳುಕು ಭಾಗ ಖಾಯಂ ಕಪ್ಪಾಗುತ್ತದೆ. ತಾಯಿಗೆ ಮೊದಲೇ ಫೋಟೊ ತೋರಿಸಿ ಒಪ್ಪಿಗೆ ತೆಗೆದುಕೊಂಡಿದ್ದರು. ಆದರೂ ಮನೆಗೆ ಬಂದ ಅಜ್ಜಿ ಬಹಳ ನೊಂದುಕೊಂಡರು. “ಹೆಣ್ಣುಮಗು ಡಾಕ್ಟ್ರಮ್ಮ, ನಕ್ಕರೆ ಇದ್ದಿಲಂಗೆ ಕಾಣ್ತದಲ್ಲ.” ಆ ಮಾತಿಗೆ ಉತ್ತರ ಕೊಡುವುದು ಕಷ್ಟ. ಹಲ್ಲು ಕಪ್ಪಾದರೂ ನೋವು ನಿಂತಿದೆಯಲ್ಲ ಎಂದಷ್ಟೇ ಹೇಳಿದೆ.

ಉಳಿದ ಕೆಲಸಕ್ಕೆ ಪೂರ್ತಿ ಅರಿವಳಿಕೆ ಬೇಕು, ಅದಕ್ಕೆ ರಕ್ತ ಏರಬೇಕು. ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣ, ತೂಕದ ಕಿಲೋಗೆ 3ರಂತೆ. ಕಬ್ಬಿಣದ ಟಾನಿಕ್‌ನಿಂದಲೇ ಹಲ್ಲು ಹಾಳಾಯಿತು ಎಂದು ನಂಬಿ ಅರ್ಧಕ್ಕೆ ನಿಲ್ಲಿಸುವವರು ಬಹಳ. ಪುಟ್ಟಿಯ ಮನೆಯಲ್ಲೂ ಹಿಂದೊಮ್ಮೆ ಅದೇ ಆಗಿತ್ತಂತೆ. ಟಾನಿಕ್‌ನ ಕಲೆ ಹಲ್ಲಿನ ಮೇಲ್ಮೈಯದು, ಉಜ್ಜಿದರೆ, ಇಲ್ಲವೇ ಕ್ಲೀನ್ ಮಾಡಿಸಿದರೆ ಹೋಗುತ್ತದೆ. ಅದು ಹಲ್ಲನ್ನು ಕೊರೆಯುವುದಿಲ್ಲ. ಡ್ರಾಪರಿನಿಂದ ಕೆನ್ನೆಯ ಒಳಗೆ, ಹಿಂದಕ್ಕೆ ಬಿಟ್ಟು, ಮೇಲೆ ನೀರು ಕುಡಿಸಿ ಎಂದು ಮಾಡಿ ತೋರಿಸಿದೆ. ಹತ್ತು ವಾರಕ್ಕೆ ಹಿಮೋಗ್ಲೋಬಿನ್ 10.9. ನವರಾತ್ರಿಗೆ ಮುಂಚೆ ಅರಿವಳಿಕೆಗೆ ಫಿಟ್ ಎಂದು ಬರೆದುಕೊಟ್ಟೆ. ಉಳಿದ ಮೂರು ಬಾಚಿಹಲ್ಲಿನ ಬೇರು ತೆಗೆದು, ಮೂರು ದವಡೆಹಲ್ಲಿಗೆ ಸ್ಟೀಲ್ ಕ್ಯಾಪ್ ಹಾಕಿ ಸಂಜೆಯೇ ಮನೆಗೆ ಕಳಿಸಿದರು.

ಬಿದ್ದುಹೋಗುವ ಹಲ್ಲಿಗೆ ಇಷ್ಟೆಲ್ಲ ಏಕೆ ಎಂದು ಪುಟ್ಟಿಯ ಅಪ್ಪ ಕೇಳಿದ. ಎಲ್ಲರೂ ಕೇಳುವ ಪ್ರಶ್ನೆಯೇ ಅದು. ಮುಂದಿನ ಹಲ್ಲು ಆರು–ಏಳು ವರ್ಷಕ್ಕೆ ಬೀಳುತ್ತದೆ ನಿಜ. ದವಡೆಯ ಹಾಲುಹಲ್ಲು ಬೀಳುವುದು ಒಂಬತ್ತರಿಂದ ಹನ್ನೆರಡನೇ ವರ್ಷಕ್ಕೆ. ಅಲ್ಲಿಯವರೆಗೆ ಅಗಿಯಬೇಕಾದ್ದು ಅದರಲ್ಲೇ, ಅದರಡಿ ಬರುವ ಹಲ್ಲಿಗೆ ಜಾಗ ಕಾಯುವುದೂ ಅದೇ. ಎಂಟು ವರ್ಷ ಉಪಯೋಗಕ್ಕೆ ಬರುವ ಬೈಕಿನ ಟೈರಿಗೆ ಪಂಕ್ಚರ್ ಹಾಕಿಸದೆ ಬಿಡುತ್ತೀರಾ ಎಂದೆ. ಅವನು ಗ್ಯಾರೇಜಿನಲ್ಲಿ ಕೆಲಸ ಮಾಡುವವನು, ಮತ್ತೆ ಕೇಳಲಿಲ್ಲ.

ಫ್ಲೋರೈಡ್ ಊರಿನಲ್ಲಿ ಫ್ಲೋರೈಡ್

ಅಪ್ಪನ ಎರಡನೇ ಪ್ರಶ್ನೆಗೆ ಮಾತ್ರ ಅಷ್ಟು ಸಲೀಸಾಗಿ ಉತ್ತರಿಸುವಂತಿರಲಿಲ್ಲ. ಅವನ ಬಾಚಿಹಲ್ಲಿನ ಮೇಲೆ ಕಂದು ಪಟ್ಟೆಗಳಿವೆ, ಅವನ ಓರಗೆಯವರಿಗೆ ಬಹುತೇಕ ಎಲ್ಲರಿಗೂ ಇವೆ. ನಮ್ಮದು ತುಮಕೂರು ಜಿಲ್ಲೆಯ ಪೂರ್ವದ ಸೀಮೆ. ಪಾವಗಡ, ಅತ್ತ ಚಿಕ್ಕಬಳ್ಳಾಪುರ, ಕೋಲಾರದ ಕಡೆಯೆಲ್ಲ ಕೊಳವೆಬಾವಿ ಆಳಕ್ಕಿಳಿದಂತೆ ನೀರಿನಲ್ಲಿ ಫ್ಲೋರೈಡಿನ ಕಾಟ. “ನೀರಲ್ಲಿರೋದೇ ಸಾಲ್ದು ಅಂತ ನೀವು ಬೇರೆ ಹಚ್ತೀರಾ ಮೇಡಂ? ನನ್ನ ಹಲ್ಲು ನೋಡಿ.”

ಹೆದರಿಕೆ ನ್ಯಾಯವಾದದ್ದು. ಕಾಗದದ ಮೇಲೆ ಬರೆದು ಲೆಕ್ಕ ಮಾಡಿದೆವು. ಹಲ್ಲಿನ ಮೇಲೆ ಪಟ್ಟೆ ಬರುವುದು, ವಸಡಿನೊಳಗೆ ಖಾಯಂ ಹಲ್ಲು ತಯಾರಾಗುವ ವರ್ಷಗಳಲ್ಲಿ, ದಿನದಿನವೂ ಫ್ಲೋರೈಡ್ ಹೊಟ್ಟೆಗೆ ಹೋದಾಗ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪುವ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5. ಲೀಟರಿಗೆ 3 ಮಿಲಿಗ್ರಾಂ ಇರುವ ನೀರನ್ನು ದಿನಕ್ಕೊಂದು ಲೀಟರ್ ಕುಡಿದರೆ ನಾಲ್ಕು ದಿನಕ್ಕೆ 12 ಮಿಲಿಗ್ರಾಂ ಆಯಿತು. ಎಳೆಮಗುವಿಗೆ ಒಂದು ಸಲ ಹಚ್ಚುವ ಕಾಲು ಎಂಎಲ್ ವಾರ್ನಿಶ್ಶಿನಲ್ಲಿರುವುದು ಸುಮಾರು 5.6 ಮಿಲಿಗ್ರಾಂ, ಅದು ಹಲ್ಲಿಗೆ ಅಂಟಿಕೊಳ್ಳುವಂಥದು, ವರ್ಷಕ್ಕೆ ಎರಡು ಸಲ. ಇಡೀ ವರ್ಷದ ವಾರ್ನಿಶ್ ಅಂಥ ನೀರಿನ ನಾಲ್ಕು ದಿನಕ್ಕೆ ಸಮ. ಮೂರು ವರ್ಷದೊಳಗಿನ ಮಗುವಿಗೆ ಬ್ರಷ್ಷಿಗೆ ಹಚ್ಚಬೇಕಾದ ಪೇಸ್ಟು ಒಂದು ಅಕ್ಕಿಕಾಳಿನಷ್ಟು. 1000 ಪಿಪಿಎಂ (ಗ್ರಾಂಗೆ 1 ಮಿಲಿಗ್ರಾಂ ಫ್ಲೋರೈಡ್) ಪೇಸ್ಟಾದರೆ ಪೂರ್ತಿ ನುಂಗಿದರೂ 0.1 ಮಿಲಿಗ್ರಾಂ.

ಹಾಗೆಂದು ಅಪ್ಪನ ಅನುಮಾನವನ್ನು ತಳ್ಳಿಹಾಕಲಿಲ್ಲ. ಅವರ ಮನೆಯಲ್ಲಿ ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನು, ಅಡಿಗೆಗೆ ಬೋರಿನ ನೀರು. ಬೇಳೆ ಕುದಿಸಿದಾಗ ನೀರು ಆರಿಹೋಗುತ್ತದೆ, ಫ್ಲೋರೈಡ್ ಉಳಿಯುತ್ತದೆ. ಮಗುವಿನ ಅಡಿಗೆಗೂ ಕ್ಯಾನ್ ನೀರೇ ಹಾಕಿ, ಪೇಸ್ಟು ದೊಡ್ಡವರೇ ಹಚ್ಚಿಕೊಡಿ, ಟ್ಯೂಬು ಮಗುವಿನ ಕೈಗೆ ಕೊಡಬೇಡಿ ಎಂದೆ. ನಮ್ಮ ಸೀಮೆಯಲ್ಲಿ ಫ್ಲೋರೈಡ್ ಬೇಕು ಎಂದಷ್ಟೇ ಹೇಳಿ ಎದ್ದುಹೋಗುವ ವೈದ್ಯರ ಮಾತನ್ನು ಜನ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಎಲ್ಲಿ ಬೇಡ, ಎಲ್ಲಿ ಬೇಕು ಎರಡನ್ನೂ ಹೇಳಬೇಕು.

ಬಾಟಲಿ ಬಿಟ್ಟದ್ದು

ಇಷ್ಟು ದಿನದಲ್ಲಿ ಅತಿ ಕಷ್ಟದ ಕೆಲಸ ಇದಾಗಿತ್ತು, ಮಾಡಿದವರು ಅಜ್ಜಿ. ಒಂದೇ ರಾತ್ರಿ ಕಿತ್ತುಕೊಂಡರೆ ಆಗದೆಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದೆವು. ಮೊದಲ ನಾಲ್ಕು ರಾತ್ರಿ ಸಕ್ಕರೆ ಎರಡು ಚಮಚದಿಂದ ಒಂದಕ್ಕೆ, ಆಮೇಲೆ ಅರ್ಧಕ್ಕೆ. ಸಕ್ಕರೆ ಪೂರ್ತಿ ನಿಂತ ಮೇಲೆ ಹಾಲಿಗೆ ಕಾಲುಭಾಗ ನೀರು, ಅರ್ಧ, ಮುಕ್ಕಾಲು. ಹದಿನಾರನೇ ರಾತ್ರಿ ಬಾಟಲಿಯಲ್ಲಿದ್ದದ್ದು ಬರೀ ನೀರು. ಆರನೇ, ಏಳನೇ ರಾತ್ರಿ ಪುಟ್ಟಿ ವಿಪರೀತ ಅತ್ತಳಂತೆ. ಅಜ್ಜಿ ಅವಳನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಒಂದು ಗಂಟೆ ತಿರುಗಿದರಂತೆ. ಹಗಲಿನ ಹಾಲು ಲೋಟಕ್ಕೆ ಬಂತು, ಅರ್ಧ ಲೀಟರ್ ಮೀರದಂತೆ. ಹೊಟ್ಟೆ ಖಾಲಿಯಾದದ್ದೇ ತಡ, ಮುದ್ದೆಗೆ ಕೈ ಹಾಕತೊಡಗಿದಳು.

ಎದೆಹಾಲಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಈ ಕಥೆ ಕೇಳಿದ ತಾಯಂದಿರು ಗಾಬರಿಯಿಂದ ಅದನ್ನೂ ನಿಲ್ಲಿಸಿಬಿಡುತ್ತಾರೆ. ಎರಡು ವರ್ಷ ಮತ್ತು ಅದರಾಚೆಗೂ ಎದೆಹಾಲು ಕೊಡಿ ಎಂಬುದರಲ್ಲಿ ಬದಲಾವಣೆ ಇಲ್ಲ. ಹಲ್ಲು ಬಂದ ಮೇಲೆ, ಅದರಲ್ಲೂ ವರ್ಷ ದಾಟಿದ ಮೇಲೆ, ರಾತ್ರಿಯಿಡೀ ಬಾಯಲ್ಲಿಟ್ಟುಕೊಂಡು ಮಲಗುವ ಅಭ್ಯಾಸ ಬೇಡ. ಮಲಗುವ ಮುಂಚೆ ಹಲ್ಲು ಉಜ್ಜಿರಲಿ.

ನನ್ನ ಚೀಟಿಗಳನ್ನೂ ತಿದ್ದಿಕೊಂಡೆ. ಆ ಹನ್ನೊಂದು ಪುಟಗಳಲ್ಲಿ ನಾನು ಬರೆದ ಸಿರಪ್‌ಗಳಲ್ಲಿ ಹಲವು ಸಕ್ಕರೆ ಪಾಕದವು, ಹೆಚ್ಚಿನವು ಮಲಗುವ ಹೊತ್ತಿಗೆ. ಈಗ ನೀರಿನಲ್ಲಿ ಕರಗುವ ಮಾತ್ರೆ ಇದ್ದರೆ ಅದನ್ನೇ ಬರೆಯುತ್ತೇನೆ. ಸಿರಪ್ಪೇ ಬೇಕಾದರೆ ಹಲ್ಲು ಉಜ್ಜುವ ಮುಂಚೆ ಎಂದು ಚೀಟಿಯ ಮೇಲೆಯೇ ಬರೆಯುತ್ತೇನೆ. ವಾರ್ನಿಶ್ ಹಚ್ಚುವುದನ್ನು ಡೆಂಟಲ್ ಕಾಲೇಜಿನ ಆ ವೈದ್ಯೆಯೇ ಕಲಿಸಿದರು: ಬಟ್ಟೆಯಿಂದ ಹಲ್ಲಿನ ತೇವ ಒರೆಸು, ಚಿಕ್ಕ ಬ್ರಷ್ಷಿನಲ್ಲಿ ಬಳಿ, ಆ ರಾತ್ರಿ ಉಜ್ಜುವುದು ಬೇಡ. ಫೈಲಿಗೆ ಒಂದು ರಬ್ಬರ್ ಸ್ಟಾಂಪ್ ಮಾಡಿಸಿದ್ದೇನೆ. “ತುಟಿ ಎತ್ತಿದೆ: ಏನಿಲ್ಲ / ಬಿಳಿ / ಕಂದು / ತೂತು.” ಸಂತೆಯ ದಿನ ನಾನು ಮರೆತರೂ ಸಿಸ್ಟರ್ ಬಿಡುವುದಿಲ್ಲ, ಒಂದಕ್ಕೆ ಗುಂಡು ಸುತ್ತದೆ ಫೈಲು ಅವರ ಮೇಜು ದಾಟುವುದಿಲ್ಲ. ಬಿಳಿಗೆ ಗುಂಡು ಸುತ್ತುವಾಗೆಲ್ಲ ಹತ್ತೊಂಬತ್ತನೇ ತಿಂಗಳ ಆ ಪುಟ ಕಣ್ಣಮುಂದೆ ಬರುತ್ತದೆ.

ಈಗ

ಪುಟ್ಟಿಗೆ ಮೂರು ವರ್ಷ ಎಂಟು ತಿಂಗಳು. ತೂಕ 13.1 ಕಿಲೋ, ಹಿಮೋಗ್ಲೋಬಿನ್ 11.6. ಮೇಲಿನ ಬಾಚಿಹಲ್ಲು ಇಲ್ಲದ್ದರಿಂದ ಕೆಲವು ಅಕ್ಷರ ತೊದಲುತ್ತಾಳೆ. ಖಾಯಂ ಹಲ್ಲು ಬರಲು ಇನ್ನೂ ಮೂರು–ನಾಲ್ಕು ವರ್ಷ. ತೆಗೆದ ದವಡೆಹಲ್ಲಿನ ಜಾಗಕ್ಕೆ ಕಾವಲು ಕಂಬಿ ಹಾಕಬೇಕಿತ್ತು. ಎರಡು ಸಲ ದಿನ ಗೊತ್ತುಮಾಡಿದರೂ ತಾಯಿಗೆ ರಜೆ ಸಿಗಲಿಲ್ಲ, ಜಾಗ ಸ್ವಲ್ಪ ಕಿರಿದಾಗಿದೆ. ಹೊಸದಾಗಿ ಬಂದ ಹಿಂದಿನ ನಾಲ್ಕು ದವಡೆಹಲ್ಲು ಗಟ್ಟಿಯಾಗಿವೆ.

ಮನೆಗೆ ಇನ್ನೊಂದು ಮಗು ಬಂದಿದೆ, ಗಂಡು, ಎಂಟು ತಿಂಗಳು. ಅಜ್ಜಿ ಅಟ್ಟದ ಮೇಲಿದ್ದ ಹಿತ್ತಾಳೆಯ ಒಳಲೆಯನ್ನು ಹುಣಸೆಹಣ್ಣಿನಲ್ಲಿ ಬೆಳಗಿ ಇಳಿಸಿಕೊಂಡಿದ್ದಾರೆ. ಅವರ ಮಕ್ಕಳೆಲ್ಲ ಅದರಲ್ಲೇ ಕುಡಿದವರು. ಹಿತ್ತಾಳೆಗೆ ಒಳಗೆ ಕಲಾಯಿ ಮಾಡಿಸಿ, ಇಲ್ಲವೇ ಸ್ಟೀಲಿನದು ತನ್ನಿ ಎಂದಿದ್ದೇನೆ. ಹೋದ ವಾರ ಶೀತಕ್ಕೆಂದು ಕರೆತಂದಿದ್ದರು. ನಾನು ಟಾರ್ಚ್ ಹುಡುಕುವಷ್ಟರಲ್ಲಿ ಅಜ್ಜಿ ಸ್ಟೂಲನ್ನು ನನ್ನ ಮಂಡಿಗೆ ತಾಗುವಂತೆ ಎಳೆದುಕೊಂಡು, ಮಗುವಿನ ತಲೆಯನ್ನು ನನ್ನ ತೊಡೆಯ ಮೇಲಿಟ್ಟರು.

“ಕೆಳಗಡೆ ಎರಡು ಬಂದವೆ. ಮೇಲ್ಗಡೆ ಒಂದು ಕುಕ್ತಾ ಐತೆ. ಮೊದ್ಲು ಅದ್ನ ನೋಡಿ, ಗಂಟ್ಲು ಆಮೇಲೆ.”